ಕಂಡೆನ್ಸರ್ ನಾನೇ ಬದಲಿಸಿದ್ದೇನೆ, ಕಾರಿನ ಎಸಿ ಗ್ಯಾಸೂ ನಾನೇ ತುಂಬಬಹುದಾ?

ತುಂಬಬಹುದು. ಆದರೆ ನೀವು ಬರೆದಿದ್ದರಲ್ಲಿ ಒಂದು ಮಾತು ಓದಿ ಗಾಬರಿಯಾಯಿತು. ಕಲ್ಲು ಬಡಿದು ತೂತಾದ ಕಂಡೆನ್ಸರ್ (ಎಸಿ ಗ್ಯಾಸಿನ ಶಾಖ ಹೊರಗೆ ಬಿಡುವ, ಕಾರಿನ ಮುಂಭಾಗದ ಜಾಲರಿ) ತೆಗೆದು ಹೊಸದು ಹಾಕಿದ್ದೀರಿ, ಪೈಪುಗಳು ಎರಡು ದಿನ ಬಿಚ್ಚಿದಂತೆಯೇ ಇದ್ದವು, ಈಗ ಆರ್ 134ಎ ಅನ್ನೋ ಎಸಿ ಗ್ಯಾಸಿನ ಕ್ಯಾನ್ ಸೀದಾ ಹಾಕಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ನನ್ನ ಹಳೇ ಕಾರಿಗೆ ಹಾಗೇ ಮಾಡಿದ್ದೆ. ಹತ್ತು ನಿಮಿಷ ತಣ್ಣನೆ ಗಾಳಿ ಬಂತು, ಆಮೇಲೆ ಬರೀ ಸೆಕೆ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತಂಪು. ಒಳಗೆ ಉಳಿದ ನೀರಿನ ಪಸೆ, ಗ್ಯಾಸನ್ನು ಹಿಗ್ಗಿಸಿ ತಣ್ಣಗೆ ಮಾಡುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ಮಂಜುಗಡ್ಡೆ ಕಟ್ಟಿ ಗ್ಯಾಸಿನ ದಾರಿ ಮುಚ್ಚುತ್ತಿತ್ತು. ಕರಗಿದಾಗ ದಾರಿ ಬಿಡುತ್ತಿತ್ತು. ಹಾಗೇ ಓಡಿಸುತ್ತಿದ್ದರೆ ಆ ಪಸೆಯಿಂದ ಆಸಿಡ್ ಹುಟ್ಟಿ, ಗ್ಯಾಸನ್ನು ಒತ್ತುವ ಕಂಪ್ರೆಸರನ್ನೇ ತಿನ್ನುತ್ತದೆ.

ಅದಕ್ಕೇ ಮೊದಲು ವ್ಯಾಕ್ಯೂಮ್. ಪಂಪು ಒಳಗಿನ ಗಾಳಿ ಎಳೆದಂತೆ ಒತ್ತಡ ಇಳಿಯುತ್ತದೆ. ಒತ್ತಡ ಅಷ್ಟು ಇಳಿದಾಗ ನೀರು ಮಾಮೂಲಿ ಬಿಸಿಲಿನ ಶಾಖಕ್ಕೇ ಕುದಿದು ಆವಿಯಾಗಿ ಹೊರಗೆ ಹೋಗುತ್ತದೆ. ಕನಿಷ್ಠ 45 ನಿಮಿಷ ಓಡಿಸಿ. ಒತ್ತಡ ತೋರಿಸುವ ಗೇಜಿನಲ್ಲಿ 29 ಇಂಚು (ಪಾದರಸದ ಇಂಚಿನಲ್ಲಿ ವ್ಯಾಕ್ಯೂಮ್) ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಮಂಗಳೂರಿನಂಥ ಕಡಲ ತೀರದ ಊರಿನ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಇಲ್ಲಿ ಮುಳ್ಳು 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ನಾನು ಇಲ್ಲದ ಲೀಕ್ ಹುಡುಕುತ್ತಾ ಒಂದು ಇಡೀ ಮಧ್ಯಾಹ್ನ ಕಳೆದೆ. ಆಮೇಲೆ ಗೇಜಿನ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ಮುಳ್ಳು ಜರುಗಿದರೆ ಗ್ಯಾಸ್ ಮುಟ್ಟಬೇಡಿ, ಪೈಪಿನ ಜೋಡಣೆಗಳಲ್ಲಿರುವ ಓ-ರಿಂಗುಗಳನ್ನು (ರಬ್ಬರ್ ಬಳೆಗಳು) ಮತ್ತೆ ನೋಡಿ.

ಇದಕ್ಕೂ ಮೊದಲು ಡ್ರೈಯರ್ ವಿಷಯ ಇದೆ. ಪಸೆ ಹೀರುವುದೇ ಅದರ ಕೆಲಸ, ಎರಡು ದಿನ ಗಾಳಿಗೆ ತೆರೆದಿದ್ದರೆ ಹೊಟ್ಟೆ ತುಂಬಿಕೊಂಡಿರುತ್ತದೆ. ಹೊಸದು ಹಾಕಿ. ಕೆಲವು ಕಾರುಗಳಲ್ಲಿ ಅದು ಕಂಡೆನ್ಸರ್ ಜೊತೆಗೇ ಬರುತ್ತದೆ, ಆದರೂ ಆ ಹೊಸ ಕಂಡೆನ್ಸರಿನ ಮುಚ್ಚಳ ತೆಗೆದು ಎಷ್ಟು ಹೊತ್ತಾಗಿತ್ತು ಅನ್ನೋದು ಮುಖ್ಯ. ಹಳೇ ಕಂಡೆನ್ಸರ್ ಜೊತೆ ಹೋದ ಎಣ್ಣೆಯನ್ನೂ ಮ್ಯಾನುಯಲ್ ಹೇಳಿದಷ್ಟು, ಹೇಳಿದ ಜಾತಿಯದ್ದೇ ಹಾಕಬೇಕು.

ಗ್ಯಾಸನ್ನು ತೂಕ ಮಾಡಿಯೇ ತುಂಬಿ, ಗೇಜ್ ನೋಡಿಕೊಂಡು ಅಂದಾಜಿಗೆ ಬೇಡ. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಜಾಸ್ತಿ ಹಾಕಿದರೆ ತಂಪು ಕಡಿಮೆಯೇ ಆಗುತ್ತದೆ. ಎಂಜಿನ್ ಓಡುವಾಗ ಲೋ ಸೈಡಿನಿಂದ (ಕಡಿಮೆ ಒತ್ತಡದ ಪೈಪಿನ ಕಡೆ) ಮಾತ್ರ, ಕ್ಯಾನ್ ನೆಟ್ಟಗೆ ಹಿಡಿದು ತುಂಬಿ. ಕ್ಯಾನ್ ತಲೆಕೆಳಗಾದರೆ ದ್ರವವೇ ಒಳಗೆ ಹೋಗಿ ಕಂಪ್ರೆಸರ್ ಮುರಿಯಬಹುದು. ಹೈ ಸೈಡ್ (ಹೆಚ್ಚು ಒತ್ತಡದ ಕಡೆಯ) ವಾಲ್ವ್ ಆಗ ತೆರೆದರೆ ಒತ್ತಡ ಹಿಂದಕ್ಕೆ ಬಂದು ಕ್ಯಾನ್ ಕೈಯಲ್ಲೇ ಸಿಡಿಯಬಹುದು. ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲಿ ಕುದಿಯುವಂಥದ್ದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

ಪಂಪ್ ಇಲ್ಲವಾ? ಹಾಗಾದರೆ ಡ್ರೈಯರ್ ಹಾಕಿ ಎಲ್ಲ ಜೋಡಿಸಿ, ವ್ಯಾಕ್ಯೂಮ್ ಮತ್ತು ಗ್ಯಾಸ್ ಎರಡನ್ನು ಮಾತ್ರ ಎಸಿ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಪಕ್ಕದಲ್ಲೇ ನಿಂತು, ಅರ್ಧ ಗಂಟೆ ಮುಳ್ಳು ನಿಂತಿದ್ದನ್ನು ನೋಡಿದ ಮೇಲೆ ಗ್ಯಾಸ್ ಬಿಡಲು ಹೇಳಿ.