ಎ.ಸಿ. ಫಿಲ್ಟರ್: ತೊಳೆಯಬೇಕಾದ್ದು ಯಾವುದು, ಬದಲಿಸಬೇಕಾದ್ದು ಯಾವುದು?

ಪ್ರಶ್ನೆ: ನಮ್ಮ ಫ್ಲ್ಯಾಟ್ ಕಲ್ಯಾಣನಗರದಲ್ಲಿ, ಹೊರವರ್ತುಲ ರಸ್ತೆಗೆ ಮುಖಮಾಡಿದೆ. ಎದುರಿಗೇ ಮೆಟ್ರೊ ಕಾಮಗಾರಿ ನಡೆಯುತ್ತಿದೆ. ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಹಾಕಿಸಿ ನಾಲ್ಕು ವರ್ಷವಾಯಿತು. ಈ ಬೇಸಿಗೆಯಲ್ಲಿ ಕೋಣೆ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತಿದೆ, ಆರಿಸಿದ ಮೇಲೆ ಗೋಡೆಯ ಮೇಲೆ ನೀರು ಇಳಿಯುತ್ತದೆ. ಸರ್ವಿಸ್‌ಗೆ ಬಂದವರು ಗ್ಯಾಸ್ ಕಡಿಮೆಯಾಗಿದೆ ಎನ್ನುತ್ತಾರೆ. ಹೋದ ವರ್ಷವೂ ಗ್ಯಾಸ್ ಹಾಕಿಸಿದ್ದೆವು. ಇದು ಪ್ರತಿವರ್ಷದ ಖರ್ಚೇ?

ಉತ್ತರ: ಅಲ್ಲ. ಗ್ಯಾಸ್ ಎಂದು ನಾವು ಕರೆಯುವ ಶೀತಕವು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಸೋರಿದೆ ಎಂದೇ ಅರ್ಥ, ಆ ಸೋರಿಕೆಯನ್ನು ಹುಡುಕಿ ಮುಚ್ಚದೆ ಮತ್ತೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಅದೇ ಕಥೆ. ಆದರೆ ನೀವು ವಿವರಿಸಿದ ಎರಡು ಲಕ್ಷಣಗಳಿಗೂ, ಅಂದರೆ ತಂಪು ಕುಗ್ಗುವುದಕ್ಕೂ ಗೋಡೆಯ ಮೇಲೆ ನೀರು ಇಳಿಯುವುದಕ್ಕೂ, ಇನ್ನೂ ಅಗ್ಗದ ಕಾರಣವೊಂದಿದೆ. ದುಡ್ಡು ಬಿಚ್ಚುವ ಮೊದಲು ಅದನ್ನು ನೋಡಿಬಿಡಿ.

ಸ್ವಿಚ್ ಆರಿಸಿ, ಇಂಡೋರ್ ಯೂನಿಟ್ಟಿನ ಮುಂದಿನ ಮುಚ್ಚಳವನ್ನು ಎರಡೂ ತುದಿಯಲ್ಲಿ ಹಿಡಿದು ಮೇಲಕ್ಕೆತ್ತಿ. ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ಜಾಲರಿಗಳು ಕಾಣುತ್ತವೆ. ನಿಮ್ಮಂಥ ಜಾಗದಲ್ಲಿ ಒಂದು ಬೇಸಿಗೆ ಮುಟ್ಟದೆ ಬಿಟ್ಟ ಜಾಲರಿಯ ಮೇಲೆ ಬೂದುಬಣ್ಣದ ದೂಳು ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲದ ಹೊಸ ಫ್ಲ್ಯಾಟುಗಳಲ್ಲಾದರೆ ಒಗ್ಗರಣೆಯ ಎಣ್ಣೆಯ ಹೊಗೆ ಅದಕ್ಕೆ ಸೇರಿ ಜಾಲರಿ ಜಿಗುಟಾಗಿರುತ್ತದೆ, ಬರಿಯ ನೀರಿಗೆ ಜಗ್ಗುವುದಿಲ್ಲ.

ಜಾಲರಿ ಕಟ್ಟಿಕೊಂಡಾಗ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎ.ಸಿ. ಹೊರಗಿನ ತಂಪುಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಮೇಲಿನಿಂದ ಎಳೆದುಕೊಂಡು, ಜಾಲರಿಯ ಮೂಲಕ ತಣ್ಣನೆಯ ಕಾಯಿಲ್ಲಿನ (ಶೀತಕ ಹರಿಯುವ ಕೊಳವೆಗಳ ಸುರುಳಿಯ) ಮೇಲೆ ಹಾಯಿಸಿ, ಮತ್ತೆ ಕೋಣೆಗೇ ಬಿಡುತ್ತದೆ. ಗಾಳಿ ಕಾಯಿಲ್ಲಿಗೆ ಶಾಖವನ್ನು ಕೊಡುತ್ತಿರುವವರೆಗೂ ಕಾಯಿಲ್ಲಿನ ಉಷ್ಣತೆ ಸೊನ್ನೆಗಿಂತ ಕೆಲವು ಡಿಗ್ರಿ ಮೇಲೆಯೇ ಉಳಿಯುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಕೆಳಗಿನ ತಟ್ಟೆಗೆ ಬಿದ್ದು ಡ್ರೈನ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಜಾಲರಿ ಮುಚ್ಚಿಕೊಂಡು ಗಾಳಿ ಕಡಿಮೆಯಾದರೆ ಕಾಯಿಲ್ಲಿಗೆ ಬರಬೇಕಾದ ಶಾಖ ಬರುವುದಿಲ್ಲ, ಅದರ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿದು, ಹನಿಯಾಗಬೇಕಿದ್ದ ತೇವ ಮಂಜುಗಡ್ಡೆಯಾಗುತ್ತದೆ. ಮಂಜುಗಡ್ಡೆ ಗಾಳಿಯ ದಾರಿಯನ್ನು ಇನ್ನಷ್ಟು ಕಟ್ಟುತ್ತದೆ. ರಾತ್ರಿ ನೀವು ಎ.ಸಿ. ಆರಿಸಿದಾಗ ಆ ಗಡ್ಡೆಯೆಲ್ಲ ಒಮ್ಮೆಗೇ ಕರಗಿ, ತಟ್ಟೆಯ ಅಳತೆ ಮೀರಿ, ಗೋಡೆಯ ಮೇಲೆ ಇಳಿಯುತ್ತದೆ. ಡ್ರೈನ್ ಪೈಪಿನಲ್ಲಿ ಲೋಳೆ ಕಟ್ಟಿಕೊಂಡಿದ್ದರೂ ನೀರು ಸೋರುತ್ತದೆ, ಆದರೆ ಆಗ ಎ.ಸಿ. ಓಡುತ್ತಿರುವಾಗಲೇ ತೊಟ್ಟಿಕ್ಕುವುದು ಹೆಚ್ಚು.

ಗ್ಯಾಸ್ ಕಡಿಮೆಯಾದಾಗಲೂ ಕಾಯಿಲ್ ಮಂಜುಗಟ್ಟುತ್ತದೆ ಎಂಬುದು ನಿಜ, ಸರ್ವಿಸ್‌ನವರ ತಪ್ಪು ತೀರ್ಮಾನಕ್ಕೆ, ಕೆಲವೊಮ್ಮೆ ಅವರ ವ್ಯಾಪಾರಕ್ಕೆ, ಎಡೆಮಾಡಿಕೊಡುವುದು ಇದೇ. ಆದ್ದರಿಂದ ಪರೀಕ್ಷೆಯ ಕ್ರಮ ಮುಖ್ಯ. ಮೊದಲು ಫ್ಯಾನ್ ಮೋಡಿನಲ್ಲಿ ಕೆಲವು ಗಂಟೆ ಓಡಿಸಿ ಗಡ್ಡೆಯನ್ನು ತಾನಾಗಿ ಕರಗಲು ಬಿಡಿ. ಚಾಕುವಿನಿಂದ ಕೆರೆಯುವುದು ಬೇಡ, ಕೊಳವೆಗೆ ತೂತು ಬಿದ್ದರೆ ಆಗ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ಅನಂತರ ಜಾಲರಿಗಳನ್ನು ತೊಳೆದು, ಒಣಗಿಸಿ, ಹಾಕಿ ಓಡಿಸಿ. ತಂಪು ಮರಳಿದರೆ ವಿಷಯ ಅಲ್ಲಿಗೆ ಮುಗಿಯಿತು. ಶುದ್ಧ ಜಾಲರಿ ಇದ್ದೂ ಮಂಜುಗಟ್ಟುತ್ತಿದ್ದರೆ ಕಾಯಿಲ್ ಮತ್ತು ಗಾಳಿ ಬೀಸುವ ಬ್ಲೋವರ್ ಕೊಳೆಯಾಗಿವೆಯೇ ಎಂದು ನೋಡಿಸಿ. ಅದೂ ಸರಿಯಿದ್ದರೆ ಮಾತ್ರ ಗ್ಯಾಸಿನ ಮಾತು. ಆಗಲೂ ಸೋರಿಕೆ ಎಲ್ಲಿ ಎಂದು ತೋರಿಸಲು ಹೇಳಿ, ಔಟ್‌ಡೋರ್ ಯೂನಿಟ್ಟಿನ ಫಲಕದಲ್ಲಿ ಮುದ್ರಿಸಿರುವ ಪ್ರಮಾಣದಷ್ಟನ್ನೇ ತೂಕಮಾಡಿ ತುಂಬಿಸಿಕೊಳ್ಳಿ.

ತೊಳೆಯುವಾಗ ಒಂದು ಸೂಕ್ಷ್ಮವಿದೆ. ದೂಳು ಕೂತಿರುವ ಮೇಲ್ಮೈಗೇ ನಲ್ಲಿ ಬಿಟ್ಟರೆ ಅದು ಜಾಲರಿಯ ಕಣ್ಣುಗಳೊಳಗೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಹಿಂಬದಿಯಿಂದ ನೀರು ಬಿಟ್ಟರೆ ಬಂದ ದಾರಿಯಲ್ಲೇ ಕಳಚಿ ಹೋಗುತ್ತದೆ. ಎಣ್ಣೆಯ ಜಿಗುಟಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ತುಸು ಹಾಕಿ ಸ್ವಲ್ಪ ಹೊತ್ತು ನೆನೆಸಿ. ಕುದಿನೀರು, ಗಡುಸಾದ ಬ್ರಷ್, ಟೆರೇಸಿನ ಬಿಸಿಲು ಮೂರೂ ಬೇಡ, ಚೌಕಟ್ಟು ಸೊಟ್ಟಗಾದರೆ ಸಂದಿನಲ್ಲಿ ಗಾಳಿ ಸೋಸದೆ ನುಗ್ಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಹಾಕಿ. ಜಾಲರಿ ಹರಿದಿದ್ದರೆ ಅಥವಾ ಬಾಗಿದ್ದರೆ ಹೊಸದನ್ನು ತರಿಸಿಕೊಳ್ಳಿ. ಹೊಸದು ಬರುವವರೆಗೆ ಜಾಲರಿಯೇ ಇಲ್ಲದೆ ಓಡಿಸಿದರೆ ದೂಳೆಲ್ಲ ಕಾಯಿಲ್ಲಿನ ತೆಳು ರೆಕ್ಕೆಗಳ ನಡುವೆ ಕೂತುಬಿಡುತ್ತದೆ, ಅದನ್ನು ತೆಗೆಸುವುದು ನಲ್ಲಿಯ ಕೆಳಗಿನ ಕೆಲಸವಲ್ಲ.

ಕಾಮಗಾರಿ ಮುಗಿಯುವವರೆಗೂ ನೀವು ಎರಡು ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು. ಮರಗಳಿರುವ ಒಳರಸ್ತೆಯ ಮನೆಗಳಿಗೆ ತಿಂಗಳಿಗೊಮ್ಮೆ ಸಾಕು. ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಎ.ಸಿ. ಶಿವರಾತ್ರಿ ಕಳೆದ ಮೇಲೆ ಶುರುವಾಗಿ ಮುಂಗಾರು ಹಿಡಿಯುವ ಹೊತ್ತಿಗೆ ನಿಲ್ಲುತ್ತದೆ, ಮುಂದಿನ ಎಂಟೊಂಬತ್ತು ತಿಂಗಳು ಒದ್ದೆ ಕಾಯಿಲ್ಲಿನ ಮೇಲೆ ಬೂಸ್ಟು ಬೆಳೆಯಲು ಬೇಕಾದಷ್ಟು ಬಿಡುವು. ಕೊನೆಯ ಬಾರಿ ಬಳಸಿದ ದಿನ ಒಂದೆರಡು ಗಂಟೆ ಬರಿಯ ಫ್ಯಾನ್ ಓಡಿಸಿ ಒಳಭಾಗವನ್ನು ಒಣಗಿಸಿ, ಜಾಲರಿ ತೊಳೆದಿಟ್ಟರೆ ಮಾರ್ಚಿನಲ್ಲಿ ಮೊದಲ ದಿನ ಬರುವ ಆ ಮುಗ್ಗಲು ವಾಸನೆ ಇರುವುದಿಲ್ಲ.

ಕರೆಂಟ್ ಬಿಲ್ಲಿನ ವಿಷಯ ನೀವು ಕೇಳಿಲ್ಲ, ಆದರೂ ಅದು ಇದಕ್ಕೆ ಅಂಟಿಕೊಂಡೇ ಬರುತ್ತದೆ. ಕಟ್ಟಿಕೊಂಡ ಫಿಲ್ಟರಿನ ಜಾಗದಲ್ಲಿ ಶುದ್ಧವಾದದ್ದನ್ನು ಹಾಕಿದರೆ ಎ.ಸಿ. ಬಳಸುವ ವಿದ್ಯುತ್ ಶೇ 5ರಿಂದ 15ರಷ್ಟು ಇಳಿಯಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಶೀತಕವನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸುವ ಇನ್ವರ್ಟರ್ ಎ.ಸಿ.ಗಳಲ್ಲಿ ಈ ನಷ್ಟ ಗೊತ್ತಾಗುವುದೇ ಇಲ್ಲ, ಏಕೆಂದರೆ ನಿಧಾನಕ್ಕೆ ಇಳಿಯಬೇಕಿದ್ದ ಕಂಪ್ರೆಸರ್ ಸದ್ದಿಲ್ಲದೆ ವೇಗದಲ್ಲೇ ಓಡುತ್ತಿರುತ್ತದೆ. ಕೋಣೆ ತಣ್ಣಗಾಗುತ್ತಿಲ್ಲ ಎಂದು ರಿಮೋಟಿನಲ್ಲಿ 18ಕ್ಕೆ ಇಳಿಸುವುದರಿಂದ ತಂಪು ಬೇಗ ಬರುವುದಿಲ್ಲ, ಯಂತ್ರ ನಿಲ್ಲದೆ ದುಡಿಯುತ್ತದೆ ಅಷ್ಟೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಯಲ್ಲೇ ಆರಂಭವಾಗುವಂತೆ ನಿಯಮವಿರುವುದು ಸುಮ್ಮನೆ ಅಲ್ಲ.

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಫಿಲ್ಟರ್ ಬಿಸಾಡಿ ಹೊಸದು ಹಾಕುತ್ತಾರೆ, ಚಳಿಗಾಲದಲ್ಲೂ. ನಾವು ಜಯನಗರದಲ್ಲಿ ಅದೇ ಹಳೆಯ ಜಾಲರಿ ತೊಳೆದು ಹಾಕುತ್ತೇವೆ. ಅವಳು ಅಲ್ಲಿಂದ ತಂದ ಫಿಲ್ಟರನ್ನು ಕತ್ತರಿಸಿ ನಮ್ಮ ಎ.ಸಿ. ಮೇಲೆ ಅಂಟಿಸಬಹುದೇ?

ಉತ್ತರ: ದಯವಿಟ್ಟು ಅಂಟಿಸಬೇಡಿ. ಅಲ್ಲಿಯ ವ್ಯವಸ್ಥೆಯೇ ಬೇರೆ. ಇಡೀ ಮನೆಗೆ ಒಂದೇ ದೊಡ್ಡ ಬ್ಲೋವರ್ ಇದ್ದು, ಬೇಸಿಗೆಯಲ್ಲಿ ತಂಪುಗಾಳಿಯನ್ನೂ ಚಳಿಗಾಲದಲ್ಲಿ ಕುಲುಮೆಯಿಂದ ಬರುವ ಬಿಸಿಗಾಳಿಯನ್ನೂ ಅದೇ ಕೊಳವೆಗಳಲ್ಲಿ ಕೋಣೆಕೋಣೆಗೆ ತಳ್ಳುತ್ತದೆ. ರಟ್ಟಿನ ಚೌಕಟ್ಟಿನೊಳಗೆ ನೆರಿಗೆ ಹಾಕಿದ ಫಿಲ್ಟರ್ ಗಾಳಿ ಹಿಂತಿರುಗುವ ದಾರಿಯಲ್ಲಿರುತ್ತದೆ, ಅದನ್ನು ತೊಳೆಯಲಾಗದು. ಚಳಿಗಾಲದಲ್ಲಿ ಅದು ಕಟ್ಟಿಕೊಂಡರೆ ಕುಲುಮೆಯ ಶಾಖವನ್ನು ಒಯ್ಯುವಷ್ಟು ಗಾಳಿ ಇಲ್ಲದೆ ಒಳಗೆ ಅತಿಯಾಗಿ ಕಾದು, ಸುರಕ್ಷತಾ ಸ್ವಿಚ್ ಬೆಂಕಿಯನ್ನು ಆರಿಸಿಬಿಡುತ್ತದೆ. ಕೊರೆಯುವ ಚಳಿಯಲ್ಲಿ ಇದು ಎಂಥ ಫಜೀತಿ ಎಂಬುದನ್ನು ನಿಮ್ಮ ಮಗಳೇ ಹೇಳಿಯಾರು.

ಆ ಫಿಲ್ಟರುಗಳಿಗೆ ಮರ್ವ್ ಎಂಬ 1ರಿಂದ 16ರವರೆಗಿನ ಶ್ರೇಣಿಯಿದೆ. ಅಂಕಿ ಏರಿದಂತೆ ಸಣ್ಣ ಕಣಗಳು ಸಿಗುತ್ತವೆ, ಜೊತೆಗೆ ಸಾಮಾನ್ಯವಾಗಿ ಗಾಳಿಗೆ ತಡೆಯೂ ಏರುತ್ತದೆ. ಕೊಳವೆಗಳಲ್ಲಿ ಗಾಳಿ ತಳ್ಳುವ ಬ್ಲೋವರಿಗೇ ಹೆಚ್ಚಿನ ಶ್ರೇಣಿಯ ಫಿಲ್ಟರ್ ಕೆಲವೊಮ್ಮೆ ಭಾರವಾಗುತ್ತದೆ. ನಮ್ಮ ಸ್ಪ್ಲಿಟ್ ಎ.ಸಿ.ಯೊಳಗೆ ತಿರುಗುವ ಹಗುರ ಉರುಳೆಯಂಥ ಫ್ಯಾನಿಗಂತೂ ಅಷ್ಟು ತಡೆಯನ್ನು ಮೀರಿ ಗಾಳಿ ಎಳೆಯುವ ಶಕ್ತಿಯಿಲ್ಲ. ಅಂಟಿಸಿದರೆ ಮೇಲೆ ಹೇಳಿದ ಮಂಜುಗಡ್ಡೆಯನ್ನು ನೀವೇ ಆಹ್ವಾನಿಸಿದಂತೆ. ನೀವು ತೊಳೆದು ಹಾಕುತ್ತಿರುವುದು ಸರಿಯಾಗಿಯೇ ಇದೆ. ಜಾಲರಿಯ ಪಕ್ಕದಲ್ಲಿ ಕಪ್ಪು ಅಥವಾ ಬಿಳಿಯ ಸಣ್ಣ ಪಟ್ಟಿಗಳಿದ್ದರೆ ಅವು ಬೇರೆ ಜಾತಿಯವು. ತೊಳೆಯಬಹುದೇ, ಬದಲಿಸಬೇಕೇ ಎಂಬುದನ್ನು ಎ.ಸಿ. ಜೊತೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಐದು ವರ್ಷದ ಮಗನಿಗೆ ಉಬ್ಬಸವಿದೆ. ಮಳೆಗಾಲ ಮುಗಿದ ಮೇಲೆ ಹೆಚ್ಚಾಗುತ್ತದೆ. ಎ.ಸಿ. ಫಿಲ್ಟರನ್ನು ತಪ್ಪದೆ ತೊಳೆಯುತ್ತೇವೆ, ಏರ್ ಪ್ಯೂರಿಫೈಯರ್ ಕೂಡ ಇದೆ. ಅದರ ಕೆಂಪು ದೀಪ ಹತ್ತಿದೆ. ಹೊಸ ಫಿಲ್ಟರ್ ದುಬಾರಿ, ತೊಳೆದರೆ ಸಾಕು ಎಂದು ಪರಿಚಯದವರು ಹೇಳಿದರು.

ಉತ್ತರ: ಮಗುವಿನ ಔಷಧದ ವಿಷಯದಲ್ಲಿ ವೈದ್ಯರ ಮಾತೇ ಕೊನೆಯದು. ನಾನು ಹೇಳಬಲ್ಲದ್ದು ಗಾಳಿಯ ಬಗ್ಗೆ ಮಾತ್ರ. ಎ.ಸಿ.ಯ ಜಾಲರಿ ಇರುವುದು ಮೊದಲಿಗೆ ಯಂತ್ರವನ್ನು ಕಾಯಲು. ಕೂದಲು, ಬಟ್ಟೆಯ ಎಳೆ, ಕಣ್ಣಿಗೆ ಕಾಣುವ ದೂಳು ಅದಕ್ಕೆ ಸಿಗುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಕೂದಲಿನ ದಪ್ಪದ ಮೂವತ್ತನೆಯ ಒಂದು ಭಾಗದಷ್ಟಿದ್ದು, ಆ ಕಣ್ಣುಗಳಲ್ಲಿ ಸಲೀಸಾಗಿ ತೂರಿ ಹೋಗುತ್ತವೆ. ಆ ಕೆಲಸ ಪ್ಯೂರಿಫೈಯರಿನ ಹೆಪಾ ಫಿಲ್ಟರಿನದು. ಅಮೆರಿಕದ ವ್ಯಾಖ್ಯೆಯ ಪ್ರಕಾರ ಹೆಪಾ ಎನಿಸಿಕೊಳ್ಳಬೇಕಾದರೆ ಹಿಡಿಯಲು ಅತಿ ಕಷ್ಟವಾದ 0.3 ಮೈಕ್ರಾನಿನ ಕಣಗಳಲ್ಲೂ ಶೇ 99.97ನ್ನು ತಡೆಯಬೇಕು.

ಅದನ್ನು ನೀರಿಗೆ ಹಾಕಬೇಡಿ. ಅದು ಜಾಲರಿಯಲ್ಲ, ಅಡ್ಡಾದಿಡ್ಡಿ ಹೆಣೆದುಕೊಂಡ ಅತಿ ಸಣ್ಣ ನಾರುಗಳ ಹಾಳೆ. ತೊಳೆಯಬಹುದು ಎಂದು ತಯಾರಕರೇ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ, ನೆನೆದಾಗ ನಾರು ಕದಲಿ ಸಂದುಗಳಾಗುತ್ತವೆ, ಒಳಗೆ ಉಳಿದ ತೇವದಲ್ಲಿ ಬೂಸ್ಟು ಹುಟ್ಟುತ್ತದೆ. ಉಬ್ಬಸದ ಮಗುವಿನ ಕೋಣೆಯಲ್ಲಿ ಫ್ಯಾನು ಬೂಸ್ಟನ್ನು ಬೀಸುವುದಕ್ಕಿಂತ ಪ್ಯೂರಿಫೈಯರ್ ಇಲ್ಲದಿರುವುದೇ ಮೇಲು. ಹೊರಗಿನ ಒರಟು ಜಾಲರಿಯ ದೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಆಗಾಗ ಎಳೆಯುತ್ತಿದ್ದರೆ ಒಳಗಿನ ಫಿಲ್ಟರ್ ಹೆಚ್ಚು ದಿನ ಬರುತ್ತದೆ. ಕೆಂಪು ದೀಪದ ಬಗ್ಗೆ ಒಂದು ಮಾತು: ಬಹಳಷ್ಟು ಮಾದರಿಗಳಲ್ಲಿ ಅದು ಕೊಳೆಯನ್ನು ಅಳೆಯುವುದಿಲ್ಲ, ಓಡಿದ ಗಂಟೆಗಳನ್ನು ಎಣಿಸುತ್ತದೆ. ಫಿಲ್ಟರ್ ತೆಗೆದು ನೋಡಿ. ನೆರಿಗೆಗಳು ಕಪ್ಪಾಗಿದ್ದರೆ, ಗಾಳಿ ಬರುವುದು ಕುಗ್ಗಿದ್ದರೆ, ವಾಸನೆ ಇದ್ದರೆ ಬದಲಿಸಿ. ನಿಮ್ಮ ಮನೆಯಲ್ಲಿ ಉಬ್ಬಸದ ಮಗುವಿರುವುದರಿಂದ ಅನುಮಾನ ಬಂದರೂ ಬದಲಿಸುವುದೇ ಸರಿ.

ಮಳೆಯ ನಂತರ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಹೂಬಿಡುತ್ತದೆ, ಅದರ ಪರಾಗ ಅನೇಕರಿಗೆ ಆಗದು. ನಿಮ್ಮ ಮನೆಯ ಪಕ್ಕದಲ್ಲಿ ಅಂಥ ಸೈಟಿದ್ದರೆ ಆ ಬದಿಯ ಕಿಟಕಿಯನ್ನು ಮುಚ್ಚಿಡಿ. ಹಾಗೆಂದು ಎಲ್ಲವನ್ನೂ ದಿನವಿಡೀ ಮುಚ್ಚಬೇಡಿ, ಎ.ಸಿ.ಯಾಗಲಿ ಪ್ಯೂರಿಫೈಯರಾಗಲಿ ಹೊಸ ಗಾಳಿಯನ್ನು ತರುವುದಿಲ್ಲ. ರಸ್ತೆಗೆ ಬೆನ್ನಾದ ಕಿಟಕಿಯನ್ನು ವಾಹನ ಕಡಿಮೆಯಿರುವ ಹೊತ್ತಿನಲ್ಲಿ ಸ್ವಲ್ಪ ತೆರೆದಿಡಿ. ಸೊಳ್ಳೆಬತ್ತಿ, ಊದುಬತ್ತಿಗಳನ್ನು ಮಗು ಮಲಗುವ ಕೋಣೆಯಲ್ಲಿ ಹಚ್ಚುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ, ಸೊಳ್ಳೆಗೆ ಕಿಟಕಿಯ ಜಾಲರಿಯೋ ಪರದೆಯೋ ಸಾಕು. ಹೊಗೆ ತುಂಬುವ ಕೋಣೆಯಲ್ಲಿ ಹೊಸ ಹೆಪಾ ಫಿಲ್ಟರ್ ಕೂಡ ತನ್ನ ಅವಧಿಗೆ ಮೊದಲೇ ಕಪ್ಪಾಗುತ್ತದೆ.