ಗೆಲ್ಲುವಷ್ಟು ಸಂಖ್ಯಾಬಲ ಇಲ್ಲದಿದ್ದರೂ ವಾಗ್ದಂಡನೆಗಾಗಿ ಸಂಸದರನ್ನು ಒತ್ತಾಯಿಸಬೇಕೇ?

ನಿರ್ಣಯ ಬಿದ್ದುಹೋಗುತ್ತದೆಂದು ಮೊದಲೇ ಗೊತ್ತಿರುವಾಗ, ನ್ಯಾಯಮೂರ್ತಿಯೊಬ್ಬರ ವಾಗ್ದಂಡನೆಗಾಗಿ, ಅಂದರೆ ಸಂಸತ್ತಿನ ಮತದ ಮೂಲಕ ಅವರ ಪದಚ್ಯುತಿಗಾಗಿ, ಹಿಂಜರಿಯುತ್ತಿರುವ ಸಂಸದರ ಬೆನ್ನು ಹತ್ತುವುದು ವ್ಯರ್ಥವಲ್ಲವೇ ಎಂದು ತಾವು ಕೇಳಿದ್ದೀರಿ. ವ್ಯರ್ಥವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಯಾವ ಹಂತದಲ್ಲಿ, ಏನನ್ನು ಕೇಳಬೇಕು ಎಂಬುದು ಸ್ಪಷ್ಟವಾಗಿರಬೇಕು.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ವಿ. ರಾಮಸ್ವಾಮಿಯವರ ಪ್ರಕರಣವನ್ನೇ ನೋಡಿ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಅಧಿಕೃತ ನಿವಾಸದ ಪೀಠೋಪಕರಣಗಳಿಗೆ, ರತ್ನಗಂಬಳಿಗಳಿಗೆ ಸಾರ್ವಜನಿಕ ಹಣವನ್ನು ಮನಬಂದಂತೆ ಖರ್ಚು ಮಾಡಿದರೆಂಬುದು ಅವರ ಮೇಲಿದ್ದ ಆರೋಪಗಳಲ್ಲಿ ಮುಖ್ಯವಾದದ್ದು. 1991ರಲ್ಲಿ ಲೋಕಸಭೆಯ 108 ಸದಸ್ಯರು ಅವರ ಪದಚ್ಯುತಿ ಕೋರುವ ನೋಟಿಸಿಗೆ ಸಹಿ ಹಾಕಿದರು. ಸ್ಪೀಕರ್ ರಬಿ ರಾಯ್ ಅದನ್ನು ಅಂಗೀಕರಿಸಿದ ಬೆನ್ನಲ್ಲೇ ಸದನ ವಿಸರ್ಜನೆಯಾಯಿತು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಹಲವರು ಭಾವಿಸಿದ್ದಾಗ, ನ್ಯಾಯಾಂಗದ ಹೊಣೆಗಾರಿಕೆಗಾಗಿ ಹೋರಾಡುತ್ತಿದ್ದ ವಕೀಲರು ಸುಪ್ರೀಂ ಕೋರ್ಟಿಗೆ ಹೋಗಿ, ಸದನ ವಿಸರ್ಜನೆಯಾದರೂ ಇಂತಹ ನಿರ್ಣಯ ರದ್ದಾಗುವುದಿಲ್ಲ ಎಂಬ ತೀರ್ಪನ್ನು ಪಡೆದರು. ನಂತರ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ನೇತೃತ್ವದ ತ್ರಿಸದಸ್ಯ ಸಮಿತಿ 14 ಆರೋಪಗಳ ಪೈಕಿ 11ರಲ್ಲಿ ರಾಮಸ್ವಾಮಿಯವರನ್ನು ತಪ್ಪಿತಸ್ಥರೆಂದು ಕಂಡಿತು. ಆದರೂ 1993ರ ಮೇ 11ರಂದು ಲೋಕಸಭೆಯಲ್ಲಿ ಪರವಾಗಿ 196 ಮತಗಳು ಬಂದವು, ವಿರುದ್ಧವಾಗಿ ಒಂದೂ ಬೀಳಲಿಲ್ಲ. ಕಾಂಗ್ರೆಸ್ ಮತ್ತು ಅದರ ಮಿತ್ರಪಕ್ಷಗಳ 205 ಸದಸ್ಯರು ಸದನದಲ್ಲಿ ಕುಳಿತಿದ್ದೂ ಮತ ಹಾಕಲಿಲ್ಲ. ಸದನದ ಒಟ್ಟು ಸದಸ್ಯಬಲದ ಬಹುಮತ ಸಿಗದೆ ನಿರ್ಣಯ ಬಿದ್ದುಹೋಯಿತು. ಆರೋಪ ಸುಳ್ಳೆಂದು ಹೇಳುವ ಧೈರ್ಯವನ್ನೂ ನಿಜವೆಂದು ಒಪ್ಪುವ ಧೈರ್ಯವನ್ನೂ ತೋರದ ಆ ತಟಸ್ಥತೆಯನ್ನು ನಾನು ಸೋಲಿಗಿಂತ ಕೆಟ್ಟದ್ದೆಂದು ಪರಿಗಣಿಸುತ್ತೇನೆ.

ನಮ್ಮ ಒತ್ತಡ ಎಲ್ಲಿ ಬೀಳಬೇಕೆಂಬುದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ನ್ಯಾಯಮೂರ್ತಿಯ ಪದಚ್ಯುತಿಗೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಆದರೆ ತನಿಖೆಗೆ ದಾರಿ ತೆರೆಯುವ ನೋಟಿಸಿಗೆ ಲೋಕಸಭೆಯಲ್ಲಿ 100 ಅಥವಾ ರಾಜ್ಯಸಭೆಯಲ್ಲಿ 50 ಸಹಿಗಳು ಸಾಕು. ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಉಲ್ಲಂಘಿಸಿದರೆ ಸದಸ್ಯತ್ವ ಹೋಗುತ್ತದೆಂಬ ಭಯ ಸಂಸದರಿಗಿರುವುದು ಸಹಜ. ಆದರೆ ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ ವಿಪ್‌ಗೆ ಸಂಬಂಧಿಸಿದ ಅನರ್ಹತೆ ಅನ್ವಯಿಸುವುದು ಸದನದೊಳಗೆ ಮತ ಹಾಕುವ ಅಥವಾ ಹಾಕದಿರುವ ವಿಷಯಕ್ಕೆ, ನೋಟಿಸಿಗೆ ಹಾಕುವ ಸಹಿಗಲ್ಲ. ಆದ್ದರಿಂದ "ನನ್ನ ಕೈ ಕಟ್ಟಿಹಾಕಿದ್ದಾರೆ" ಎಂಬ ಮಾತನ್ನು ಸಹಿಯ ಹಂತದಲ್ಲಿ ನಾವು ಒಪ್ಪಬೇಕಾಗಿಲ್ಲ.

ಕರ್ನಾಟಕದವರಿಗೆ ಇದು ದೂರದ ಮಾತೂ ಅಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ 2009ರಲ್ಲಿ ತಮಿಳುನಾಡಿನ ಕಾವೇರಿರಾಜಪುರದ ಭೂಮಿಗೆ ಸಂಬಂಧಿಸಿದ ಆರೋಪಗಳು ಬಂದಾಗ, ಇಲ್ಲಿನ ವಕೀಲರು ಕಲಾಪ ಬಹಿಷ್ಕರಿಸಿ ಪ್ರತಿಭಟಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ರಾಜ್ಯಸಭೆಯ 75 ಸದಸ್ಯರು ಸಹಿ ಹಾಕಿದರು. ಸಭಾಪತಿ ಹಮೀದ್ ಅನ್ಸಾರಿ ನೋಟಿಸನ್ನು ಅಂಗೀಕರಿಸಿ ತನಿಖಾ ಸಮಿತಿ ರಚಿಸಿದರು. ತನಿಖೆ ಮುಗಿಯುವ ಮೊದಲೇ, 2011ರ ಜುಲೈನಲ್ಲಿ, ದಿನಕರನ್ ರಾಜೀನಾಮೆ ಕೊಟ್ಟರು. ಪೂರ್ಣ ಸತ್ಯ ಹೊರಬರಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ಆದರೂ ಮೂರನೇ ಎರಡರಷ್ಟು ಮತ ಸಿಗುವುದೇ ಎಂದು ಲೆಕ್ಕ ಹಾಕುತ್ತ ಕುಳಿತಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ವಿರುದ್ಧದ ನಿರ್ಣಯವನ್ನು ರಾಜ್ಯಸಭೆಯಲ್ಲಿ 189 ಸದಸ್ಯರು ಬೆಂಬಲಿಸಿದರು. ಕಾಂಗ್ರೆಸ್, ಬಿಜೆಪಿ ಮತ್ತು ಎಡಪಕ್ಷಗಳು ಒಂದೇ ಕಡೆ ನಿಂತಿದ್ದವು. ಲೋಕಸಭೆಗೆ ವಿಷಯ ಬರುವ ಮುನ್ನ ಅವರೂ ರಾಜೀನಾಮೆ ನೀಡಿದರು.

ತತ್ವಕ್ಕಾಗಿ ಒತ್ತಾಯಿಸುವವರು ತಮಗೂ ಒಂದು ಕಟ್ಟುಪಾಡು ಹಾಕಿಕೊಳ್ಳಬೇಕು. ನಮಗೆ ಹಿಡಿಸದ ತೀರ್ಪು ಕೊಟ್ಟರೆಂಬ ಕಾರಣಕ್ಕೆ ವಾಗ್ದಂಡನೆ ಕೇಳಕೂಡದು, ಅದಕ್ಕೆ ಮೇಲ್ಮನವಿಯಿದೆ. ಸಂವಿಧಾನ ಹೇಳುವುದು ಸಾಬೀತಾದ ದುರ್ವರ್ತನೆ ಅಥವಾ ಅಸಾಮರ್ಥ್ಯವನ್ನು ಮಾತ್ರ. ನಮ್ಮ ಮೆಚ್ಚಿನ ಪಕ್ಷಕ್ಕೆ ಮುಜುಗರವಾಗುವ ಪ್ರಕರಣದಲ್ಲೂ ಇದೇ ಅಳತೆಗೋಲನ್ನು ಬಳಸಲು ಸಿದ್ಧರಿಲ್ಲದವರ ಮಾತಿಗೆ ಸಂಸದರು ಬೆಲೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ತಾವು ಸಂಸದರಿಗೆ ಬರೆಯುವುದಾದರೆ ಘೋಷಣೆಗಳನ್ನು ಬಿಟ್ಟು, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳಿರಿ: ತನಿಖೆ ನಡೆಯಲೆಂಬ ನೋಟಿಸಿಗೆ ಸಹಿ ಹಾಕುವಿರಾ? ವರದಿ ಮಂಡನೆಯಾದ ಮೇಲೆ ಅದನ್ನು ಓದಿಯೇ ನಿಲುವು ತಳೆಯುವಿರಾ? ಪರವಾಗಲೀ ವಿರುದ್ಧವಾಗಲೀ, ಮತವನ್ನಂತೂ ಚಲಾಯಿಸುವಿರಾ? ಬಂದ ಉತ್ತರವನ್ನು, ಉತ್ತರ ಬಾರದಿದ್ದರೆ ಆ ಸಂಗತಿಯನ್ನು, ಕ್ಷೇತ್ರದ ಪತ್ರಿಕೆಗಳಿಗೂ ವಕೀಲರ ಸಂಘಕ್ಕೂ ತಿಳಿಸಿರಿ.