ತಂಗಿಗೆ ನನ್ನ ಹೆರಿಗೆಯ ನಿಜ ಹೇಳಲೇ, ಬೇಡವೇ?

ಪ್ರಶ್ನೆ: ಐದು ತಿಂಗಳ ಹಿಂದೆ ನನಗೆ ಚೊಚ್ಚಲ ಹೆರಿಗೆಯಾಯಿತು. ರಾತ್ರಿ ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಹೋದೆವು. ‘ಇನ್ನೂ ಎರಡೇ ಸೆಂಟಿಮೀಟರ್, ಮನೆಗೆ ಹೋಗಿ ಬನ್ನಿ’ ಎಂದು ವಾಪಸ್ ಕಳಿಸಿದರು. ಮರುದಿನ ಸೇರಿಸಿಕೊಂಡ ಮೇಲೆ ಡ್ರಿಪ್ ಹಾಕಿದರು. ಅಲ್ಲಿಂದ ಮುಂದೆ ನೋವು ಏರಿದ ಪರಿಗೆ ನನಗೆ ನನ್ನ ಮೇಲೆ ಹಿಡಿತವೇ ಉಳಿಯಲಿಲ್ಲ. ಕಿರುಚಿದ್ದಕ್ಕೆ ಒಬ್ಬರು ‘ಎಲ್ಲರೂ ಹೆರುವುದಿಲ್ಲವೇ, ನಿಮ್ಮದೇನು ವಿಶೇಷ’ ಎಂದು ಗದರಿದರು. ಯಾರ್ಯಾರೋ ಬಂದು, ಒಂದು ಮಾತೂ ಹೇಳದೆ ಒಳಪರೀಕ್ಷೆ ಮಾಡಿ ಹೋದರು. ಕೊನೆಗೆ ವ್ಯಾಕ್ಯೂಮ್ (ಮಗುವಿನ ತಲೆಗೆ ಹೀರಿ ಅಂಟುವ ಬಟ್ಟಲು) ಹಾಕಿ ಮಗುವನ್ನು ತೆಗೆದರು, ಹೊಲಿಗೆ ಬಿತ್ತು. ಮಗುವನ್ನು ಎದೆಯ ಮೇಲೆ ಇಟ್ಟಾಗ ‘ಸದ್ಯ, ಮುಗಿಯಿತಲ್ಲ’ ಎಂದಷ್ಟೇ ಅನ್ನಿಸಿತು. ಇಂದಿಗೂ ಮಗು ಮಲಗಿದ ಮೇಲೆ ಆ ಕೋಣೆ ಕಣ್ಣೆದುರು ಬರುತ್ತದೆ. ಈಗ ಏಳು ತಿಂಗಳ ಗರ್ಭಿಣಿಯಾಗಿರುವ ನನ್ನ ತಂಗಿ ‘ಅಕ್ಕಾ, ನಿಜ ಹೇಳು, ಹೇಗಿರುತ್ತದೆ?’ ಎಂದು ಕೇಳುತ್ತಿದ್ದಾಳೆ. ಹೆರಿಗೆಯ ಹೊತ್ತಿನಲ್ಲಿ ನಾನೇ ಜೊತೆಗಿರಬೇಕೆಂದು ಹಟ ಹಿಡಿದಿದ್ದಾಳೆ. ಅಮ್ಮ ಮಾತ್ರ ‘ಅವಳನ್ನು ಹೆದರಿಸಬೇಡ, ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದೀರಲ್ಲ, ಮರೆತುಬಿಡು’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಹೇಳಿ. ಆದರೆ ನೀವು ಅನುಭವಿಸಿದ್ದನ್ನೆಲ್ಲ ಒಂದೇ ಉಸಿರಿಗೆ, ತಂಗಿಯೊಬ್ಬಳ ಮುಂದೆಯೇ ಸುರಿಯಬೇಡಿ. ನಿಮ್ಮ ಪತ್ರವನ್ನು ಓದಿದಾಗ ನನಗೆ ತೋರಿದ್ದೇನೆಂದರೆ, ನಿಮ್ಮ ಹೆರಿಗೆಯ ಕಥೆಯನ್ನು ಎರಡು ಕಡೆ ಹೇಳಬೇಕಾಗಿದೆ. ಒಂದು, ನಿಮ್ಮ ಮನಸ್ಸು ಹಗುರವಾಗಲು, ಅದನ್ನು ಪೂರ್ತಿಯಾಗಿ ತಾಳಿಕೊಳ್ಳಬಲ್ಲ ಒಬ್ಬರ ಮುಂದೆ. ಇನ್ನೊಂದು, ತಂಗಿಗೆ ಉಪಯೋಗಕ್ಕೆ ಬರುವಂತೆ. ಮೊದಲನೆಯದು ಆಗದೆ ಎರಡನೆಯದಕ್ಕೆ ಕೈಹಾಕಿದರೆ, ಅವಳು ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ಬದಲು ನಿಮ್ಮ ಗಾಯದ ಭಾರ ಅವಳ ಮೇಲೆ ಬೀಳುತ್ತದೆ. ಅಮ್ಮನ ಭಯ ಅಷ್ಟರ ಮಟ್ಟಿಗೆ ಸುಳ್ಳಲ್ಲ.

ಆದರೆ ಅಮ್ಮನ ಇನ್ನೊಂದು ಮಾತನ್ನು ನಾನು ಒಪ್ಪುವುದಿಲ್ಲ. ತಾಯಿ ಮಗು ಕ್ಷೇಮವಾಗಿರುವುದು ದೊಡ್ಡ ಸಂಗತಿ, ನಿಜ. ಹಾಗೆಂದು ಆ ಕೋಣೆಯಲ್ಲಿ ನಿಮ್ಮನ್ನು ನಡೆಸಿಕೊಂಡ ರೀತಿ ಸರಿಯಾಗಿತ್ತೆಂದು ಅದರಿಂದ ಸಿದ್ಧವಾಗುವುದಿಲ್ಲ. ಮಗುವಿನ ಬಗ್ಗೆ ಸಂತೋಷ, ಹೆರಿಗೆಯ ಬಗ್ಗೆ ಸಂಕಟ, ಎರಡೂ ಒಂದೇ ಮನಸ್ಸಿನಲ್ಲಿ ಇರಬಹುದು; ಒಂದನ್ನು ಹೇಳಿಕೊಂಡರೆ ಇನ್ನೊಂದಕ್ಕೆ ಅಪಚಾರವಾಗುವುದಿಲ್ಲ.

ನಿಮ್ಮ ನೆನಪಿನಲ್ಲಿ ಎಲ್ಲವೂ ಒಂದೇ ಮುದ್ದೆಯಾಗಿರುವುದರಿಂದ, ವೈದ್ಯಕೀಯವಾಗಿ ನಡೆದದ್ದು ಯಾವುದು, ಅಸಡ್ಡೆಯಿಂದ ನಡೆದದ್ದು ಯಾವುದು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಎರಡು ಸೆಂಟಿಮೀಟರ್ ಇದ್ದಾಗ ಮನೆಗೆ ಕಳಿಸಿದ್ದು ಸಾಮಾನ್ಯವಾಗಿ ತಪ್ಪಲ್ಲ. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರಿನಷ್ಟು ತೆರೆದುಕೊಳ್ಳಬೇಕು. ಮೊದಲ ಹೆರಿಗೆಯಲ್ಲಿ ಆರಂಭದ ಈ ಹಂತ ಎಷ್ಟು ಹೊತ್ತು ಹಿಡಿಯುತ್ತದೆಂದು ಗೆರೆ ಎಳೆದು ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೆರಿಗೆಯ ಚುರುಕಿನ ಹಂತ ಐದು ಸೆಂಟಿಮೀಟರಿನಿಂದ ಆರಂಭವಾಗುತ್ತದೆ, ಚೊಚ್ಚಲ ಹೆರಿಗೆಯಲ್ಲಿ ಅದು 12 ಗಂಟೆಗಳವರೆಗೆ ನಡೆಯಬಹುದು, ಆಮೇಲೆ ಮುಕ್ಕುವ ಹಂತ ಮೂರು ಗಂಟೆಯವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲವೆಂದು ಅದೇ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ನಿಮ್ಮ ತಪ್ಪೇನು ಎಂದು ನೀವು ಪತ್ರದಲ್ಲಿ ಬಾಯಿಬಿಟ್ಟು ಕೇಳಿಲ್ಲವಾದರೂ ಸಾಲುಗಳ ನಡುವೆ ಆ ಪ್ರಶ್ನೆ ಇದೆ. ಹೊತ್ತು ಹಿಡಿಯಿತೆಂಬುದು ನಿಮ್ಮ ದೇಹದ ಸೋಲಲ್ಲ.

ಡ್ರಿಪ್‌ನಲ್ಲಿ ಇದ್ದದ್ದು ಬಹುಶಃ ಆಕ್ಸಿಟೋಸಿನ್. ಗರ್ಭಕೋಶ ಬಿಗಿಯುವ ಸೆಳೆತವನ್ನು ಅದು ಹೆಚ್ಚಿಸುತ್ತದೆ. ನೋವುಗಳು ಬಲವಾಗಿ, ಒಂದರ ಬೆನ್ನಿಗೊಂದು ಬರತೊಡಗಿ, ನಡುವೆ ಉಸಿರು ತೆಗೆದುಕೊಳ್ಳಲು ಸಿಗುವ ಬಿಡುವು ಕಡಿಮೆಯಾಗುತ್ತದೆ. ಆದ್ದರಿಂದ ‘ಅಲ್ಲಿಂದ ಮುಂದೆ’ ಎಂದು ನೀವು ಗುರುತಿಸಿರುವುದು ಸರಿಯಾಗಿಯೇ ಇದೆ. ನೀವು ಇದ್ದಕ್ಕಿದ್ದಂತೆ ದುರ್ಬಲರಾದದ್ದಲ್ಲ, ನೋವೇ ಬದಲಾಯಿತು. ಡ್ರಿಪ್ ಅಗತ್ಯವಾಗಿದ್ದಿರಬಹುದು. ಅದನ್ನು ಏಕೆ ಹಾಕುತ್ತಿದ್ದೇವೆ, ಹಾಕಿದ ಮೇಲೆ ನೋವು ಹೇಗಾಗುತ್ತದೆ, ನೋವು ಕಡಿಮೆ ಮಾಡಲು ಏನಿದೆ ಎಂಬ ಮೂರು ಮಾತನ್ನು ಮೊದಲೇ ಹೇಳಿದ್ದರೆ ನೀವು ಅದನ್ನು ಬೇರೆಯದೇ ಧೈರ್ಯದಿಂದ ಎದುರಿಸುತ್ತಿದ್ದಿರಿ. ವ್ಯಾಕ್ಯೂಮ್ ವಿಚಾರವೂ ಹೀಗೆಯೇ: ಮಗುವಿನ ಎದೆಬಡಿತದಲ್ಲಿ ಏರುಪೇರಾದಾಗ, ಮುಕ್ಕುವ ಹಂತ ಬಹಳ ಹೊತ್ತು ಎಳೆದಾಗ, ಅಥವಾ ತಾಯಿ ತೀರಾ ದಣಿದಾಗ ಅದನ್ನು ಬಳಸುತ್ತಾರೆ. ಆಗಲೂ ಅವರು ಎಳೆಯುವುದು ನೋವು ಬಂದಾಗ, ತಾಯಿ ಮುಕ್ಕುವ ಹೊತ್ತಿಗೇ. ಮಗುವನ್ನು ಹೊರಗೆ ತಂದದ್ದರಲ್ಲಿ ನಿಮ್ಮ ಪಾಲು ಕಡಿಮೆಯಾಗಲಿಲ್ಲ.

ಇನ್ನು ಗದರಿಕೆ. ಇದಕ್ಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ, ಇರಲಾರದು. ಭಯ ಹೆಚ್ಚಿದಾಗ ದೇಹದಲ್ಲಿ ಏರುವ ಅಡ್ರಿನಲಿನ್ ಗರ್ಭಕೋಶದ ಸೆಳೆತವನ್ನು ನಿಧಾನಗೊಳಿಸಬಲ್ಲದು. ಆದ್ದರಿಂದ ಹೆರುವವಳನ್ನು ಹೆದರಿಸುವುದು ಅಮಾನವೀಯ ಮಾತ್ರವಲ್ಲ, ಕೆಲಸಕ್ಕೂ ಅಡ್ಡಿ. ನೋವಿನಲ್ಲಿ ಬರುವ ಕೂಗು ಎಷ್ಟೋ ಹೆಂಗಸರಿಗೆ ಆ ಕ್ಷಣವನ್ನು ದಾಟುವ ದಾರಿಯಾಗಿರುತ್ತದೆ. ಒಳಪರೀಕ್ಷೆಯನ್ನೂ ಹೇಳಿ, ಕೇಳಿ, ಒಪ್ಪಿಗೆ ಪಡೆದೇ ಮಾಡಬೇಕು. ಚುರುಕಿನ ಹಂತದಲ್ಲಿ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕೆಂಬುದೂ, ಹಲವರು ಸರದಿಯಲ್ಲಿ ಬಂದು ಮಾಡಬಾರದೆಂಬುದೂ ಆ ಮಾರ್ಗಸೂಚಿಯ ಸಲಹೆಯೇ. ‘ಎಲ್ಲರೂ ಹೆರುವುದಿಲ್ಲವೇ’ ಎಂಬ ಧೋರಣೆ ಬಹಳ ಹಳೆಯದು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಬಳಸಿದಾಗ ವೈದ್ಯರಲ್ಲೇ ಅನೇಕರು ವಿರೋಧಿಸಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಯಲ್ಲಿ ಅದನ್ನು ತೆಗೆದುಕೊಂಡ ಮೇಲೆ ಆ ವಿರೋಧದ ಸದ್ದು ತಗ್ಗಿತು. ರಾಣಿಗೆ ಸಲ್ಲುವ ನೋವು ನಿವಾರಣೆ ಉಳಿದವರಿಗೆ ಏಕೆ ಸಲ್ಲಬಾರದೆಂದು ಅಂದಿನಿಂದಲೂ ಹೆಂಗಸರು ಕೇಳುತ್ತಲೇ ಇದ್ದಾರೆ.

ಆದ್ದರಿಂದ ನೀವು ಮಾಡಬಹುದಾದ ಒಂದು ಕೆಲಸವಿದೆ. ಆಸ್ಪತ್ರೆಯಿಂದ ನಿಮ್ಮ ಹೆರಿಗೆಯ ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯಿರಿ. ಅಲ್ಲಿನ ವೈದ್ಯರ ಬಳಿಗಾಗಲಿ, ಅಲ್ಲಿಗೆ ಕಾಲಿಡಲು ಮನಸ್ಸಿಲ್ಲದಿದ್ದರೆ ಬೇರೆ ವೈದ್ಯರ ಬಳಿಗಾಗಲಿ ಹೋಗಿ, ಯಾವ ಹೊತ್ತಿಗೆ ಏನು ಮಾಡಿದರು, ಏಕೆ ಮಾಡಿದರು ಎಂದು ಕೂತು ಕೇಳಿ. ಪತಿಯನ್ನೋ ನಂಬಿಕೆಯ ಒಬ್ಬರನ್ನೋ ಜೊತೆಗೆ ಕರೆದೊಯ್ಯಿರಿ. ಗದರಿದ್ದರ ಬಗ್ಗೆ ಲಿಖಿತವಾಗಿ ದೂರು ಕೊಡಬೇಕೆನಿಸಿದರೆ ಕೊಡಿ. ಕೊಡದಿದ್ದರೂ ಅದು ಹೇಡಿತನವಲ್ಲ.

ಮಗುವನ್ನು ಎದೆಯ ಮೇಲೆ ಇಟ್ಟಾಗ ಪ್ರೀತಿ ಉಕ್ಕಲಿಲ್ಲವೆಂಬ ಕೊರಗಿನ ಬಗ್ಗೆ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ನಿದ್ದೆಯಿಲ್ಲದೆ, ಹಸಿದು, ಸುಸ್ತಾಗಿ, ಇನ್ನೂ ಹೊಲಿಗೆ ಹಾಕಿಸಿಕೊಳ್ಳುತ್ತಿರುವ ದೇಹಕ್ಕೆ ಆಗ ಅನ್ನಿಸಬಹುದಾದದ್ದೇ ನಿಮಗೂ ಅನ್ನಿಸಿತು. ಅನೇಕ ತಾಯಂದಿರಲ್ಲಿ ಆ ಬೆಸುಗೆ ವಾರಗಳು ಕಳೆಯುತ್ತ, ಹಾಲೂಡಿಸುತ್ತ, ಎತ್ತಿಕೊಳ್ಳುತ್ತ ಬೆಳೆಯುತ್ತದೆ.

ನನಗೆ ಹೆಚ್ಚು ಯೋಚನೆಯಾದದ್ದು ಆ ಕೋಣೆ ಇನ್ನೂ ಕಣ್ಣೆದುರು ಬರುತ್ತದೆಂಬ ಮಾತಿನಿಂದ. ಹೆತ್ತ ಮೊದಲ ದಿನಗಳ ಅಳು, ಕಳವಳ ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಐದು ತಿಂಗಳಾದರೂ ಬೇಡದಿದ್ದರೂ ದೃಶ್ಯಗಳು ನುಗ್ಗಿ ಬರುವುದು, ಕೆಟ್ಟ ಕನಸು, ಆಸ್ಪತ್ರೆಯ ವಾಸನೆಗೋ ಸದ್ದಿಗೋ ಎದೆ ಹೊಡೆದುಕೊಳ್ಳುವುದು, ಆ ದಾರಿಯನ್ನೇ ತಪ್ಪಿಸಿ ನಡೆಯುವುದು ಇವೆಲ್ಲ ಇದ್ದರೆ, ಅದು ಆಘಾತದ ಲಕ್ಷಣವಾಗಿರಬಹುದು; ಅದಕ್ಕೆ ಪರಿಣಾಮಕಾರಿ ಚಿಕಿತ್ಸೆ ಇದೆ. ಯಾವುದರಲ್ಲೂ ಆಸಕ್ತಿಯಿಲ್ಲ, ಮಗು ಮಲಗಿದರೂ ನಿದ್ದೆ ಬರುವುದಿಲ್ಲ, ಎಲ್ಲಕ್ಕೂ ನನ್ನನ್ನೇ ದೂರಿಕೊಳ್ಳುತ್ತೇನೆ ಎಂಬ ಸ್ಥಿತಿ ಇದ್ದರೆ ಬಾಣಂತಿಯ ಖಿನ್ನತೆಯನ್ನೂ ಪರೀಕ್ಷಿಸಬೇಕು. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳು ಕಳೆದ ಏಳು ದಿನಗಳ ಮನಸ್ಥಿತಿಯನ್ನು ಕೇಳುತ್ತವೆ. ಕೆಲವೇ ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ನಿಮ್ಮ ವೈದ್ಯರೇ ಮಾಡಬಲ್ಲರು. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಔಷಧಗಳಿವೆ, ಔಷಧವಿಲ್ಲದ ಆಪ್ತ ಸಮಾಲೋಚನೆಯೂ ಇದೆ. ನಿಮ್ಮನ್ನೋ ಮಗುವನ್ನೋ ನೋಯಿಸಿಕೊಳ್ಳುವ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ಮನೆಯವರಿಗೆ ತಿಳಿಸಿ, ವೈದ್ಯರ ಬಳಿ ಹೋಗಿ. ನಾನು ಮೊದಲು ಹೇಳಿದ, ಪೂರ್ತಿಯಾಗಿ ಹೇಳಿಕೊಳ್ಳಬೇಕಾದ ಕಥೆ ಇಲ್ಲಿಗೆ ಸೇರಿದ್ದು.

ಈಗ ತಂಗಿಯ ಪ್ರಶ್ನೆಗೆ ಬರೋಣ. ಅವಳು ಕೇಳುತ್ತಿರುವುದು ನೋವು ಎಷ್ಟು ಎಂದಲ್ಲ. ಅದನ್ನು ಯಾರೂ ಯಾರಿಗೂ ಅಳೆದು ಹೇಳಲಾರರು. ತನಗೆ ಆಶ್ಚರ್ಯವಾಗಿ ಬರಬಹುದಾದದ್ದು ಏನೇನು ಎಂದು ಅವಳು ಕೇಳುತ್ತಿದ್ದಾಳೆ. ಹಾಗಾಗಿ ಅದನ್ನೇ ಹೇಳಿ. ಮೊದಲ ಸಲ ವಾಪಸ್ ಕಳಿಸಿದರೆ ಗಾಬರಿಯಾಗಬೇಡ, ಆದರೆ ರಕ್ತ ಹೋದರೆ, ನೀರು ಒಡೆದರೆ, ಮಗುವಿನ ಒದೆತ ಕಡಿಮೆಯಾದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, 37 ವಾರಕ್ಕೆ ಮುಂಚೆ ನೋವು ಶುರುವಾದರೆ ಒಂದು ಕ್ಷಣವೂ ಕಾಯದೆ ಹೋಗು ಎನ್ನಿ. ನೋವು ತಾರಕಕ್ಕೇರಿದಾಗ ವಾಂತಿಯಾಗಬಹುದು. ಮಗುವಿನ ತಲೆ ಕೆಳಗೆ ಒತ್ತಿದಾಗ ಮಲವಿಸರ್ಜನೆಗೆ ಬಂದಂತೆ ಅನ್ನಿಸುತ್ತದೆ, ನಾಚಿಕೊಳ್ಳದೆ ಹೇಳಬೇಕು ಎನ್ನಿ. ಹೆರಿಗೆಯಾದ ಬೆನ್ನಿಗೇ ಚಳಿಯಿಲ್ಲದಿದ್ದರೂ ಹಲ್ಲು ಕಟಕಟಿಸುವಷ್ಟು ಮೈ ನಡುಗಬಹುದೆಂದೂ, ಮಗು ಹೊರಬಂದ ಮೇಲೆ ಮಾಸು ಬೀಳುವುದು ಬಾಕಿಯಿರುತ್ತದೆಂದೂ, ಹಾಲೂಡಿಸುವಾಗ ಹೊಟ್ಟೆ ಹಿಂಡಿದಂತಾಗುತ್ತದೆಂದೂ, ಹೊಲಿಗೆ ಬಿದ್ದಿದ್ದರೆ ಮೊದಲ ಸಲ ಮೂತ್ರಕ್ಕೆ ಹೋಗಲು ಭಯವಾಗುತ್ತದೆಂದೂ ತಿಳಿಸಿ. ನಿಮಗೆ ಇವನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಹಗುರವಾಗುತ್ತಿತ್ತೆಂದು ನೀವೇ ಬಲ್ಲಿರಿ. ವ್ಯಾಕ್ಯೂಮ್ ಮತ್ತು ಗದರಿಕೆಯ ಮಾತು ಅವಳಾಗಿ ಕೇಳಿದರೆ ಮುಚ್ಚಿಡಬೇಡಿ, ಕೇಳದಿದ್ದರೆ ವಿವರಗಳಿಗೆ ಇಳಿಯಬೇಡಿ.

ಅದರ ಜೊತೆಗೆ, ಮುಂದಿನ ತಪಾಸಣೆಯಲ್ಲಿ ವೈದ್ಯರನ್ನು ಕೇಳಬೇಕಾದದ್ದನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿರಲು ಬಿಡುತ್ತೀರಾ, ನೋವು ಕಡಿಮೆ ಮಾಡಲು ಎಪಿಡ್ಯೂರಲ್ (ಬೆನ್ನಿನ ಮೂಲಕ ಕೊಡುವ ನೋವು ನಿವಾರಕ) ಅಥವಾ ಬೇರೆ ಏನು ಸಿಗುತ್ತದೆ, ರಾತ್ರಿ ಹೊತ್ತಿನಲ್ಲೂ ಸಿಗುತ್ತದೆಯೇ, ಓಡಾಡಲು ಮತ್ತು ಅನುಕೂಲವಾದ ಭಂಗಿಯಲ್ಲಿ ಇರಲು ಬಿಡುತ್ತೀರಾ, ಡ್ರಿಪ್ ಹಾಕುವ ಮೊದಲು ತಿಳಿಸುತ್ತೀರಾ. ಉತ್ತರ ಹಾರಿಕೆಯದಾಗಿದ್ದರೆ, ಬೇರೆ ಆಸ್ಪತ್ರೆಯನ್ನು ನೋಡಲು ಏಳನೆಯ ತಿಂಗಳಲ್ಲಿ ಇನ್ನೂ ಸಮಯವಿದೆ.

ಜೊತೆಗಿರುವ ವಿಷಯ ಮಾತ್ರ ಬೇರೆ. ಹೆರಿಗೆಯ ಹೊತ್ತಿನಲ್ಲಿ ತನಗೆ ಬೇಕಾದವರು ಬಿಟ್ಟುಹೋಗದೆ ಪಕ್ಕದಲ್ಲಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಹೆರಿಗೆಯ ಅವಧಿ ತುಸು ಕಡಿಮೆಯಾಗುತ್ತದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದ್ದರಿಂದ ತಂಗಿಯ ಆಸೆ ಬರಿಯ ಹಟವಲ್ಲ. ಆದರೆ ಪಕ್ಕದಲ್ಲಿರುವವರು ಶಾಂತವಾಗಿದ್ದರೆ ಮಾತ್ರ ಆ ಲಾಭ. ಅವಳ ಮೊದಲ ಕೂಗಿಗೇ ನಿಮ್ಮ ಕೈ ನಡುಗಿದರೆ ಇಬ್ಬರಿಗೂ ಕಷ್ಟ. ಇನ್ನು ಎರಡು ಮೂರು ವಾರಗಳಲ್ಲಿ ನೀವು ಸಮಾಲೋಚಕರನ್ನು ಕಂಡು, ಆ ಕೋಣೆಯೊಳಗೆ ಕಾಲಿಡುವುದನ್ನು ಕಲ್ಪಿಸಿಕೊಂಡಾಗ ನಿಮಗೆ ಏನಾಗುತ್ತದೆಂದು ಅವರ ಜೊತೆಯೇ ಪರೀಕ್ಷಿಸಿ ನೋಡಿ. ಆಗದು ಎನಿಸಿದರೆ ತಂಗಿಗೆ ಈಗಲೇ, ಮುಖಾಮುಖಿ ತಿಳಿಸಿ: ‘ನನ್ನದು ಇನ್ನೂ ಮಾಗಿಲ್ಲ ಕಣೇ, ಒಳಗೆ ಬೇರೆಯವರು ಇರಲಿ, ನಾನು ಹೊರಗಿರುತ್ತೇನೆ.’ ಒಂಬತ್ತನೆಯ ತಿಂಗಳ ಕೊನೆಯವರೆಗೆ ತಳ್ಳಬೇಡಿ. ಪತಿಯೋ ಗೆಳತಿಯೋ ಅಮ್ಮನೋ, ಬದಲಿಗೆ ಬರುವವರು ಸಿದ್ಧರಾಗಲು ಅವರಿಗೂ ಅಷ್ಟು ದಿನ ಬೇಕು.